ಬೆಲ್ಲ ಮತ್ತು ಬಾವಿಯ ನೀರು

ನಮ್ಮ ಮಾವನವರು ಬಲಗೈ ಎತ್ತಿ ಐದೂ ಬೆರಳು ಅಗಲಿಸಿದರೆ ಹೆಬ್ಬೆರಳು, ತೋರುಬೆರಳು ಎರಡೂ ನಶ್ಯದಿಂದ ಕಂದಾಗಿರುತ್ತಿದ್ದವು. ಉಗುರಿನ ಸಂದಿಯಲ್ಲಿ ಅದು ಗಟ್ಟಿಯಾಗಿ ಕೂತುಬಿಟ್ಟಿತ್ತು. ಮೂಗಿನ ಕೆಳಗೆ, ನರೆತ ಮೀಸೆಯ ಮೇಲೆ, ಅದೇ ಬಣ್ಣದ ಎರಡು ಗೆರೆ. ಆ ಕೈಯನ್ನು ಬಂದವರ ಮುಖದ ಮುಂದೆ ಹಿಡಿದು ಅವರು ಹೇಳುತ್ತಿದ್ದುದು ಒಂದೇ ಮಾತು, "ಐದು ಮಿನಿಟು." ಸ್ಟೇಷನ್ ಐದು ಮಿನಿಟು, ಮಾರ್ಕೆಟ್ ಐದು ಮಿನಿಟು, ಡಾಕ್ಟರ್ ಐದು ಮಿನಿಟು, ಹಿಟ್ಟಿನ ಗಿರಣಿ, ಪೋಸ್ಟು, ಮಾರುತಿ ಗುಡಿ ಎಲ್ಲ ಐದು ಮಿನಿಟು. ಆ ಕೈ ಮೇಲೆದ್ದಾಗಲೆಲ್ಲ ನಾನು ಕಣ್ಣು ಬೇರೆ ಕಡೆ ಹೊರಳಿಸುತ್ತಿದ್ದೆ. ಅವರ ಕರವಸ್ತ್ರ ಒಗೆಯುವ ಕೆಲಸ ಸೊಸೆಯಾದ ನನ್ನ ಪಾಲಿಗೆ ಬಂದಿತ್ತು. ಅದರ ವಿವರ ಬೇಡ, ಈಗಷ್ಟೇ ಉಂಡು ಓದಲು ಕೂತವರೂ ಇರಬಹುದು.

ತೀರಿಕೊಂಡವರ ನೆನಪನ್ನು ಹೀಗೆ ಶುರುಮಾಡುವುದು ಸಭ್ಯರ ಲಕ್ಷಣವಲ್ಲ ಎಂದು ಬಲ್ಲೆ. ಏನು ಮಾಡಲಿ, ಅವರನ್ನು ನೆನೆದರೆ ನನಗೆ ಮೊದಲು ಬರುವುದು ಹೇಸಿಗೆಯೇ. ಉಳಿದದ್ದು ಅದರ ಬೆನ್ನಿಗೆ ಬರುತ್ತದೆ. ಬಂದೇ ಬರುತ್ತದೆ ಎನ್ನುವುದೇ ನನ್ನ ತೊಂದರೆ.

ನಾನು ಧಾರವಾಡದಿಂದ ಮದುವೆಯಾಗಿ ಸಾಂತಾಕ್ರೂಜ್‌ಗೆ ಬಂದದ್ದು ಐವತ್ತರ ದಶಕದ ಆರಂಭದಲ್ಲಿ. ಮಾವನವರು ಮೂಲತಃ ವಿಜಾಪುರದ ಕಡೆಯವರು. ಹರೆಯದಲ್ಲೇ ಮುಂಬಯಿಗೆ ಬಂದು ಫೋರ್ಟಿನ ಒಂದು ವ್ಯಾಪಾರಿ ಕಂಪನಿಯಲ್ಲಿ ಗುಮಾಸ್ತರಾಗಿ, ಇಪ್ಪತ್ತು ವರ್ಷ ಬೈಕುಲ್ಲಾದ ಒಂದು ಚಾಳಿನಲ್ಲಿ ಸಂಸಾರ ಮಾಡಿ, ಆಮೇಲೆ ಸಾಂತಾಕ್ರೂಜ್‌ನ ಪೂರ್ವಕ್ಕೆ, ಭತ್ತದ ಗದ್ದೆಗಳ ಅಂಚಿನಲ್ಲಿ, ಒಂದು ತುಂಡು ಜಾಗ ಹಿಡಿದು ಮನೆ ಕಟ್ಟಿಸಿದ್ದರು. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಕೂರಲು ಕಟ್ಟೆ, ಮೇಲೆ ಮಂಗಳೂರು ಹಂಚು. ಅದಕ್ಕೆ ಅವರು "ಬಂಗ್ಲೆ" ಎನ್ನುತ್ತಿದ್ದರು. ಅವರ ಒಬ್ಬನೇ ಮಗ ನನ್ನ ಗಂಡ. ಅತ್ತೆ, ನಾನು ಬರುವ ಎರಡು ವರ್ಷ ಮೊದಲೇ, ಆ ಮನೆಯಲ್ಲೇ ಜ್ವರ ಬಂದು ಹೋಗಿಬಿಟ್ಟಿದ್ದರು. ಏನು ಜ್ವರ ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಐದು ನಿಮಿಷದ ಕಥೆ ನಾನು ಬಂದ ಮೊದಲ ವಾರವೇ ಬಯಲಾಯಿತು. ಸ್ಟೇಷನ್ನಿಗೆ ಒಣ ದಿನದಲ್ಲಿ ಇಪ್ಪತ್ತೆರಡು ನಿಮಿಷ, ಮಳೆಗಾಲದಲ್ಲಿ ದೇವರಿಗೇ ಗೊತ್ತು. ಡಾಕ್ಟರು ಎಂದರೆ ವಾರಕ್ಕೆ ಮೂರು ದಿನ ಬಂದು ಎಲ್ಲರಿಗೂ ಒಂದೇ ಬಣ್ಣದ ಮಿಕ್ಶ್ಚರ್ ಕೊಡುವ ಒಬ್ಬ ಕಂಪೌಂಡರ್. ಮಾರ್ಕೆಟ್ಟು ಎಂದರೆ ನಾಲ್ಕು ಮಂದಿ ಗೋಣಿ ಹಾಸಿ ಕೂರುವ ಜಾಗ, ಅದರ ಮಗ್ಗುಲಲ್ಲೇ ಕೊಚ್ಚೆ, ಕೊಚ್ಚೆಯ ಮೇಲೆ ಕೂತ ನೊಣ ಬದನೆಕಾಯಿಯ ಮೇಲೂ ಕೂರುತ್ತಿತ್ತು. "ತಾಜಾ ಹಾಲು ಬಾಗಲದಾಗ" ಎಂದು ಅವರು ಹೊಗಳುತ್ತಿದ್ದ ಭೈಯಾನ ತಬೇಲಾ ನಮ್ಮ ಹಿತ್ತಲಿಗೆ ಅಂಟಿಕೊಂಡೇ ಇತ್ತು. ನಲವತ್ತು ಎಮ್ಮೆಗಳ ಸಗಣಿ, ಗಂಜಲ ನಮ್ಮ ಬೇಲಿಯುದ್ದಕ್ಕೂ ಹರಿಯುತ್ತಿದ್ದವು. ತಲೆಯ ಮೇಲೆ ವಿಮಾನಗಳು ಹಂಚು ಅಲುಗಿಸಿ ಇಳಿಯುತ್ತಿದ್ದವು. ಅದನ್ನೂ ಬಿಡದೆ, ವಿಮಾನ ನಿಲ್ದಾಣವೂ ಐದೇ ನಿಮಿಷ ಎನ್ನುತ್ತಿದ್ದರು. ನಮ್ಮ ಕುಲದಲ್ಲಿ ಯಾರೂ ಆವರೆಗೆ ವಿಮಾನ ಹತ್ತಿರಲಿಲ್ಲ. ಕನ್ನಡ ಶಾಲೆ ಮಾತ್ರ ಅವರ ಐದು ನಿಮಿಷದೊಳಗೂ ಸಿಗಲಿಲ್ಲ. ಮುಂದೆ ನನ್ನ ಮಗಳನ್ನು ಸೇರಿಸಿದ್ದು ಹತ್ತಿರದ ಮರಾಠಿ ಶಾಲೆಗೆ.

ಇಷ್ಟೇ ಆಗಿದ್ದರೆ ನಗಬಹುದಿತ್ತು. ನನ್ನ ಗಂಡ ನಗುತ್ತಿದ್ದರು ಕೂಡ. ಅಪ್ಪನ ಎದುರು ಅಲ್ಲ, ಆಚೆ ಹೋದಮೇಲೆ.

ಆದರೆ ಬಾವಿ ಇತ್ತು. ಹಿತ್ತಲಲ್ಲಿ, ಕಲ್ಲಿನ ಕಟ್ಟೆ, ರಾಟೆ, ಹಗ್ಗ ಎಲ್ಲ ಇದ್ದ ಸ್ವಂತ ಬಾವಿ. ಅದು ಅವರ ದೇವರು. ಚಾಳಿನಲ್ಲಿದ್ದಾಗ ಅತ್ತೆ ಇಪ್ಪತ್ತು ವರ್ಷ ಬೆಳಗಿನ ಜಾವದಲ್ಲಿ ಕೊಡ ಹಿಡಿದು ನಳದ ಸಾಲಿನಲ್ಲಿ ನಿಂತವರಂತೆ, ಒಮ್ಮೆ ಜಗಳದಲ್ಲಿ ಯಾರೋ ಕೊಡ ಬೀಸಿ ಅವರ ಹುಬ್ಬು ಒಡೆದಿತ್ತಂತೆ. ಆ ದಿನ ಮಾವನವರು, ನಿನಗೆ ನಿನ್ನದೇ ನೀರು ತೋಡಿಸಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರಂತೆ. ಕೊಟ್ಟ ಮಾತು ಉಳಿಸಿಕೊಂಡರು. ಇದನ್ನು ಅವರು ಪ್ರತಿ ನೆಂಟನಿಗೂ ಹೇಳುತ್ತಿದ್ದರು, ಹೇಳುವಾಗ ಕಣ್ಣಲ್ಲಿ ನೀರು ತರುತ್ತಿದ್ದರು, ಆಮೇಲೆ ಕರವಸ್ತ್ರ ತೆಗೆಯುತ್ತಿದ್ದರು.

ಬಾವಿಯಿಂದ ಪಾಯಖಾನೆಗೆ ಹದಿನಾರು ಹೆಜ್ಜೆ. ನಾನೇ ಎಣಿಸಿದ್ದೇನೆ. ತಬೇಲಾದ ಕಾಲುವೆಗೆ ಇನ್ನೂ ಕಡಿಮೆ. ಮಳೆಗಾಲದಲ್ಲಿ ಕಾಲುವೆ, ಪಾಯಖಾನೆಯ ಗುಂಡಿ, ಗದ್ದೆ ಎಲ್ಲ ಒಂದಾಗಿ ಹಿತ್ತಲಲ್ಲಿ ಕಣಕಾಲು ಮುಳುಗುವಷ್ಟು ನಿಲ್ಲುತ್ತಿತ್ತು, ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತಿತ್ತು. ಮಾವನವರು ಅದನ್ನು ನೋಡಿ, ಗಂಗೆ ತಾನಾಗೇ ಮನೆಬಾಗಿಲಿಗೆ ಬಂದಳು ಎನ್ನುತ್ತಿದ್ದರು. ಕೊಡದಲ್ಲಿ ತುಂಬಿಟ್ಟ ನೀರಿಗೆ ಸಂಜೆ ಹೊತ್ತಿಗೆ ಒಂದು ವಾಸನೆ ಬರುತ್ತಿತ್ತು. ನಾನು ಎರಡು ಪದರು ಧೋತರದಲ್ಲಿ ಸೋಸುತ್ತಿದ್ದೆ. ಸೋಸಿದ ಬಟ್ಟೆಯ ಮೇಲೆ ಏನೇನು ಉಳಿಯುತ್ತಿತ್ತು ಎಂಬುದನ್ನು ನೋಡದೆ ಝಾಡಿಸುವುದನ್ನು ಕಲಿತೆ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ಪದ್ಧತಿ. ಬೇರೆ ಮನೆಗಳಲ್ಲಿ ಅದು ಹೆಂಗಸರ ಕೆಲಸ. ನಮ್ಮಲ್ಲಿ ಮಾವನವರೇ ಕೊಡುತ್ತಿದ್ದರು. ಒಂದು ಕೈಯಲ್ಲಿ ಬೆಲ್ಲದ ತಟ್ಟೆ, ಇನ್ನೊಂದರಲ್ಲಿ ತಾಮ್ರದ ತಂಬಿಗೆ. "ಮೊದಲ ನೀರು ಕುಡೀರಿ. ನಮ್ಮ ಬಾವೀ ನೀರು, ನಳದ್ದಲ್ಲ," ಎಂದು ಲೋಟ ಬರಿದಾಗುವ ತನಕ ಎದುರಿಗೇ ನಿಲ್ಲುತ್ತಿದ್ದರು. ನಶ್ಯದ ಬೆರಳಿಂದ ಮುರಿದ ಬೆಲ್ಲವನ್ನು ನೆಂಟರು ಬಾಯಿಗೆ ಹಾಕಿಕೊಳ್ಳುವುದನ್ನು ನೋಡಲಾರದೆ ನಾನು ಒಳಗೆ ಹೋಗುತ್ತಿದ್ದೆ. ಊರಿಂದ ಬಂದವರಲ್ಲಿ ಎರಡನೆಯ ದಿನಕ್ಕೆ ಒಬ್ಬರಿಗಾದರೂ ಹೊಟ್ಟೆ ಕೆಡುತ್ತಿತ್ತು. ಪಾಪ, ಅವರು ಮುಂಬಯಿ ಹವಾ ಒಗ್ಗಲಿಲ್ಲ ಎನ್ನುತ್ತಿದ್ದರು. ಮಾವನವರೂ ಹೌದು ಹೌದು ಎಂದು ತಲೆ ಆಡಿಸುತ್ತಿದ್ದರು.

ಅವರು ಮಾತ್ರ ನೆಂಟರ ಜತೆ ಆ ನೀರು ಕುಡಿಯುತ್ತಿರಲಿಲ್ಲ. ಅವರಿಗೆ ಪಿತ್ತ. ಗಿರಗಾಂವಿನ ಯಾರೋ ವೈದ್ಯರು ಔಷಧದ ನೀರು ಕೊಡುತ್ತಾರೆ ಎಂದು ದಿನಾ ಆಫೀಸಿನಿಂದ ಬರುವಾಗ ಚೀಲದಲ್ಲಿ ಎರಡು ಕಂದು ಬಾಟಲಿ ತರುತ್ತಿದ್ದರು. ಬಾಟಲಿಗೆ ಹಳೆಯ ಪಂಚೆಯ ತುಂಡು ಸುತ್ತಿರುತ್ತಿತ್ತು. ಅದನ್ನು ಯಾರೂ ಮುಟ್ಟಬಾರದು. ಊಟದಲ್ಲಿ ಅವರದೇ ತಂಬಿಗೆ, ಅದರಲ್ಲಿ ಅವರದೇ ಔಷಧ. ಇನ್ನೊಂದು ವಿಚಿತ್ರವೆಂದರೆ ಮಜ್ಜಿಗೆ ಬಿಟ್ಟಿದ್ದರು. ವಿಜಾಪುರದ ಮನುಷ್ಯ, ಭಕ್ಕರಿ ತಿಂದು ಮಜ್ಜಿಗೆ ಒಲ್ಲೆ ಎನ್ನುವುದನ್ನು ನಾನು ಅವರೊಬ್ಬರಲ್ಲೇ ಕಂಡೆ. ವಾತ ಆಗುತ್ತದೆ ಎನ್ನುತ್ತಿದ್ದರು. ಪಿತ್ತಕ್ಕೂ ವಾತಕ್ಕೂ ಸೇರಿಸಿ ಒಬ್ಬರಿಗೇ ಇಷ್ಟೊಂದು ಕಾಯಿಲೆಯೇ ಎಂದು ನಾನು ಮರುಗಿದ್ದೂ ಉಂಟು.

ಎದುರಿನ ಮನೆಯಲ್ಲಿ ಮಂಗಳೂರಿನ ಕ್ರಿಶ್ಚಿಯನ್ ಹೆಂಗಸೊಬ್ಬರಿದ್ದರು. ಬೈಕುಲ್ಲಾ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ನಾವೆಲ್ಲ ನರ್ಸ್ ಬಾಯಿ ಎನ್ನುತ್ತಿದ್ದೆವು. ನಮ್ಮ ಓಣಿಗೆ ಮುನ್ಸಿಪಾಲಿಟಿ ನಳ ಬಂದಾಗ ಮೊದಲು ಹಾಕಿಸಿಕೊಂಡವರು ಅವರು. ಒಂದೊಂದಾಗಿ ಎಲ್ಲ ಮನೆಗೂ ನಳ ಬಂತು. ನಮಗೆ ಮಾತ್ರ ಇಲ್ಲ. ನಳದೊಳಗೆ ಚರ್ಮದ ವಾಷರ್ ಇರುತ್ತದೆ, ಆ ನೀರು ದೇವರಿಗೆ ಹೇಗೆ ಆದೀತು ಎಂದು ಮಾವನವರು ಕೇಳಿದರು. ಫೋರ್ಟಿನಲ್ಲಿ ಇರಾನಿ ಹೋಟೆಲಿನ ಚಹಾ, ಬ್ರೂನ್ ಪಾವ್ ಹೊಡೆದು ಬರುವ ಮನುಷ್ಯ ಈ ಮಾತು ಆಡಿದರು ಎಂದು ನನ್ನ ಗಂಡ ನನ್ನೆದುರು ಹಲ್ಲು ಕಚ್ಚಿದರು. ನನ್ನೆದುರು ಮಾತ್ರ. ನೀರು ಶುದ್ಧಮಾಡುವ ಕೆಂಪು ಪುಡಿಯನ್ನು ಬಾವಿಗೆ ಹಾಕಲು ಮಳೆಗಾಲದ ಮೊದಲು ಮುನ್ಸಿಪಾಲಿಟಿಯ ಜನ ಬಂದಾಗ ಮಾವನವರು ಕಟ್ಟೆಗೆ ಅಡ್ಡ ನಿಂತು, ನಮ್ಮ ಬಾವಿಗೆ ರೋಗವಿಲ್ಲ ಎಂದು ಹೊರಗೆ ಕಳಿಸಿದರು.

ನರ್ಸ್ ಬಾಯಿ ಒಂದು ದಿನ ನನ್ನನ್ನು ಗೇಟಿನ ಹತ್ತಿರ ಕರೆದು, "ನೋಡಿ, ನೀವು ಬೇಜಾರು ಮಾಡ್ಬೇಡಿ. ಮಗುವಿಗಾದ್ರೂ ಕುದಿಸಿಯೇ ಕೊಡಿ ಮಾರಾಯ್ರೆ," ಎಂದರು. ನನ್ನ ಮಗಳಿಗೆ ಆಗ ಮೂರು ತುಂಬಿತ್ತು. ನಾನು ಒಂದು ವಾರ ಕುದಿಸಿದೆ. ಎಂಟನೆಯ ದಿನ ಮಾವನವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಪಾತ್ರೆಯಲ್ಲಿ ಕೊತಕೊತ ಎನ್ನುವ ನೀರನ್ನೂ ನನ್ನನ್ನೂ ನೋಡಿ, "ನಿಮ್ಮತ್ತಿ ತನ್ನ ಕೈಲೆ ಸೇದಿದ ನೀರದು. ಅದನ್ನ ಕುದಿಸಿ ಸಾಯಸ್ತೀಯೇನು ತಂಗಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅಳು ಇತ್ತು. ನಾನು ಪಾತ್ರೆ ಇಳಿಸಿದೆ. ಮರುದಿನದಿಂದ ಕುದಿಸಲಿಲ್ಲ. ಮಾವನವರ ಬಗ್ಗೆ ಇಷ್ಟೆಲ್ಲ ಬರೆಯುವವಳು ಇದನ್ನು ಬಚ್ಚಿಟ್ಟರೆ ಆಗುವುದಿಲ್ಲ. ನನ್ನ ಮೂಗಿಗೆ ವಾಸನೆ ಬರುತ್ತಿತ್ತು, ತಿಳಿದವರು ಹೇಳಿದ್ದರು, ಆದರೂ ಸೊಸೆ ಎಂಬ ಹೆದರಿಕೆಗೆ ಒಲೆಯಿಂದ ಪಾತ್ರೆ ಇಳಿಸಿದವಳು ನಾನೇ.

ಆ ಮಳೆಗಾಲದಲ್ಲಿ ಮಗಳಿಗೆ ಜ್ವರ ಹತ್ತಿತು. ಇಳಿಯಲೇ ಇಲ್ಲ. ಕಂಪೌಂಡರ್ ಗುಲಾಬಿ ಬಣ್ಣದ ಮಿಕ್ಶ್ಚರ್ ಕೊಟ್ಟ, ಆಮೇಲೆ ಅದನ್ನೇ ಇನ್ನಷ್ಟು ಕೊಟ್ಟ. ನನ್ನ ಗಂಡ ಕಂಪನಿಯ ಕೆಲಸದ ಮೇಲೆ ಅಹಮದಾಬಾದಿಗೆ ಹೋಗಿದ್ದರು. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಮಗು ಬಾವಿಯ ನೀರು ಬಾಯಿಗೆ ಹಿಡಿದರೆ ಮುಖ ತಿರುಗಿಸತೊಡಗಿತು. ತುಟಿ ಒಡೆದು ಕಪ್ಪಾಗಿದ್ದವು. ನೀರು ಎನ್ನುತ್ತಾಳೆ, ಕೊಟ್ಟರೆ ಒಲ್ಲೆ ಎನ್ನುತ್ತಾಳೆ. ಮಧ್ಯಾಹ್ನ ನನಗೆ ದಿಕ್ಕು ತೋಚದೆ ಮಾವನವರ ಔಷಧದ ನೆನಪಾಯಿತು. ಪಿತ್ತಕ್ಕೆ ಆಗುವುದು ಹೊಟ್ಟೆಗೆ ಒಳ್ಳೆಯದೇ ಇರಬೇಕು, ಒಂದು ಚಮಚ ಕೊಟ್ಟರೆ ಏನಾದೀತು ಎಂದು ದೇವರ ಗೂಡಿನಿಂದ ಬಾಟಲಿ ತೆಗೆದು ಪಂಚೆಯ ತುಂಡು ಬಿಚ್ಚಿದೆ.

ಬೂಚು ತೆಗೆದಾಗ ಬೇರಿನ ವಾಸನೆ ಇಲ್ಲ, ಕಷಾಯದ ಬಣ್ಣ ಇಲ್ಲ. ಬಟ್ಟಲಿಗೆ ಬಗ್ಗಿಸಿದೆ. ತಿಳಿ ನೀರು. ಹತ್ತಿರ ಹಿಡಿದರೆ ಬ್ಲೀಚಿಂಗ್ ಪೌಡರಿನ ಸಣ್ಣ ವಾಸನೆ. ನರ್ಸ್ ಬಾಯಿಯ ಮನೆಯಲ್ಲಿ ಅವರು ಕೊಟ್ಟ ನೀರಿಗೆ ಇದೇ ವಾಸನೆ ಇರುತ್ತಿತ್ತು. ಒಂದು ಗುಟುಕು ಕುಡಿದೆ. ಆಮೇಲೆ ಇನ್ನೊಂದು ಬಾಟಲಿ ಬಿಚ್ಚಿ ಅದರಿಂದಲೂ ಕುಡಿದೆ. ನಳದ ನೀರು.

ಬಾವಿಯ ಹಸಿನೀರು ಬೆರೆಸುವ ಮಜ್ಜಿಗೆಯನ್ನು ಯಾಕೆ ಬಿಟ್ಟಿದ್ದರು ಎಂದು ಆ ಕ್ಷಣದಲ್ಲಿ ತಿಳಿಯಿತು. ಮನೆಯವರಿಗೆಲ್ಲ, ನೆಂಟರಿಗೆಲ್ಲ, ಮೂರು ವರ್ಷದ ಮೊಮ್ಮಗಳಿಗೆ ಬಾವಿಯ ನೀರು ಕುಡಿಸಿ, ಹೊಗಳಿ ಕುಡಿಸಿ, ತಾನು ಮಾತ್ರ ಫೋರ್ಟಿನಿಂದ ನೀರು ಹೊತ್ತು ತಂದು ದೇವರ ಗೂಡಿನಲ್ಲಿ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದ ಮನುಷ್ಯ. ಹಿತ್ತಲಿಗೆ ಓಡಿ ಹೋಗಿ ವಾಂತಿ ಮಾಡಿಕೊಂಡೆ. ತಿರುಗಿ ಬಂದು ಎರಡೂ ಬಾಟಲಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಮಗಳಿಗೆ ಕುಡಿಸಿದೆ. ಅವಳು ಮುಖ ತಿರುಗಿಸದೆ ಕುಡಿದಳು.

ಸಂಜೆ ಮಾವನವರು ಛತ್ರಿ ಮಡಚುತ್ತ ಒಳಗೆ ಬಂದರು. ಪಂಚೆ ಮೊಣಕಾಲಿನವರೆಗೆ ಕೆಸರು. ಚೀಲದಲ್ಲಿ ಆ ದಿನದ ಎರಡು ಬಾಟಲಿ. ನಾನು ಬೆಲ್ಲದ ತಟ್ಟೆಯನ್ನೂ ತಾಮ್ರದ ತಂಬಿಗೆಯಲ್ಲಿ ಬಾವಿ ನೀರನ್ನೂ ತಂದು ಅವರ ಮುಂದೆ ಹಿಡಿದೆ. ಖಾಲಿ ಬಾಟಲಿಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದೆ.

"ಮಾವನೋರ, ನಿಮ್ಮ ಔಷಧ ಮುಗದದ. ಕೂಸಿಗೆ ಕುಡಿಸಿದೆ," ಎಂದೆ. "ಇವತ್ತ ನೀವು ಇದನ್ನ ಕುಡೀರಿ."

ಅವರು ಬಾಟಲಿ ನೋಡಿದರು. ತಂಬಿಗೆ ನೋಡಿದರು. ನಶ್ಯದ ಡಬ್ಬಿಗಾಗಿ ಕಿಸೆ ತಡಕಿದರು, ಸಿಗಲಿಲ್ಲ. ಆಮೇಲೆ ಕಟ್ಟೆಯ ಅಂಚಿಗೆ ಕೂತುಕೊಂಡು ನೆಲಕ್ಕೆ ಹೇಳಿದರು. ಅತ್ತೆ ಹೋದಾಗ ದವಾಖಾನೆಯ ಡಾಕ್ಟರು ಬಾವಿಯ ನೀರಿಂದಲೇ ಬಂದದ್ದು ಎಂದು ಹೇಳಿದ್ದರಂತೆ. ಆ ದಿನದಿಂದ ಆ ನೀರು ಅವರ ಗಂಟಲಲ್ಲಿ ಇಳಿಯಲಿಲ್ಲವಂತೆ.

"ಅಂದ್ರ ನಿಮಗ ಗೊತ್ತಿತ್ತು," ಎಂದೆ.

"ಗೊತ್ತಿತ್ತು ಅಂತ ಬಾಯಿಲೆ ಅಂದ್ರ," ಎಂದು ಅವರು ನಿಲ್ಲಿಸಿದರು. "ಅಂದ್ರ ಅಕಿನ್ನ ನಾನ ಕೊಂದಂಗಾತಲ್ಲ ತಂಗಿ."

"ಈಗ ಇಕಿನ್ನ ಕೊಲ್ಲಿಕ್ಹತ್ತೀರಿ."

ಮದುವೆಯಾದ ಮೇಲೆ ಆ ಮನೆಯಲ್ಲಿ ನಾನು ಅಷ್ಟು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಅವರು ಎದ್ದರು. ಬೈಯುತ್ತಾರೆ ಎಂದುಕೊಂಡೆ. ಒಳಗೆ ಹೋಗಿ ಮಗುವನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡರು. ಎದುರಿನ ಗೇಟಿಗೆ ಹೋಗಿ, ಅಷ್ಟು ವರ್ಷ ಮಡಿಯ ನೆಪದಲ್ಲಿ ಯಾರ ಮನೆಯ ಮೆಟ್ಟಿಲು ತುಳಿದಿರಲಿಲ್ಲವೋ ಆ ನರ್ಸ್ ಬಾಯಿಯನ್ನು ಕೂಗಿ ಕರೆದು, ನಿಮ್ಮ ಆಸ್ಪತ್ರೆಗೆ ಕರಕೊಂಡು ಹೋಗಿ ಎಂದು ಕೈ ಮುಗಿಯಹೋದರು. ಹೆಗಲ ಮೇಲಿನ ಮಗು ಬಿಡಲಿಲ್ಲ, ಒಂದೇ ಕೈಯನ್ನು ಹಣೆಗೆ ಒತ್ತಿದರು. ಸ್ಟೇಷನ್ನಿನವರೆಗೆ ರಸ್ತೆಯ ಮೇಲೆ ತೊಡೆಮಟ್ಟ ನೀರು. ಐವತ್ತನಾಲ್ಕು ವರ್ಷದ ಗುಮಾಸ್ತ, ಕಾಲಿಗೆ ಚಪ್ಪಲಿ ಇಲ್ಲದೆ, ಮಗುವಿನ ತಲೆ ನೆನೆಯದಂತೆ ಕತ್ತು ಓರೆ ಮಾಡಿಕೊಂಡು ಮುಂದೆ ಮುಂದೆ ನಡೆದರು. ನಾನೂ ನರ್ಸ್ ಬಾಯಿಯೂ ಹಿಂದೆ. ಒಂದೆಡೆ ಅವರು ಮುಗ್ಗರಿಸಿ ಮೊಣಕಾಲ ಮೇಲೆ ಬಿದ್ದರು, ಮಗುವನ್ನು ಮಾತ್ರ ಎತ್ತಿ ಹಿಡಿದೇ ಬಿದ್ದರು.

ವಿಷಮಶೀತಜ್ವರ ಎಂದರು. ನರ್ಸ್ ಬಾಯಿ ಇದ್ದುದರಿಂದ ಹಾಸಿಗೆ ಸಿಕ್ಕಿತು, ಆಗಷ್ಟೇ ಬಂದಿದ್ದ ಒಳ್ಳೆಯ ಔಷಧವೂ ಸಿಕ್ಕಿತು. ಇನ್ನೊಂದು ದಿನ ತಡವಾಗಿದ್ದರೆ ಇಲ್ಲ ಎಂದು ಡಾಕ್ಟರು ಹೇಳಿದರು. ಮಗಳು ಬದುಕಿದಳು. ಜ್ವರದ ನಡುವೆ ಎಡಗಿವಿ ಸೋರತೊಡಗಿತ್ತು, ಅದು ತಿಂಗಳುಗಟ್ಟಲೆ ಸೋರಿ, ವಾಸಿಯಾಗುವ ಹೊತ್ತಿಗೆ ಆ ಕಿವಿ ಪೂರ್ತಿ ಕಿವುಡಾಗಿತ್ತು.

ಮನೆಗೆ ನಳ ಬಂತು. ಗಂಡ ಅಹಮದಾಬಾದಿನಿಂದ ಬಂದವರೇ ಅರ್ಜಿ ಹಾಕಿದರು. ಪ್ಲಂಬರ್ ಬಂದ ದಿನ ಮಾವನವರು ಬೆಳಿಗ್ಗೆಯೇ ಹೊರಗೆ ಹೋಗಿ ಸಂಜೆ ಬಂದರು. ಬಾವಿಯ ಮೇಲೆ ಕಲ್ಲು ಚಪ್ಪಡಿ ಮುಚ್ಚಿಸಿದೆವು. ಬಾಟಲಿಗಳು ಮಾಯವಾದವು. ಪಿತ್ತ ವಾಸಿಯಾಯಿತು ಎಂದು ಅವರು ಕೇಳಿದವರಿಗೂ ಕೇಳದವರಿಗೂ ಹೇಳಿದರು. ಮಜ್ಜಿಗೆಯನ್ನು ಲೋಟ ಲೋಟ ಕುಡಿದರು.

ಇಲ್ಲಿಗೆ ಮುಗಿದಿದ್ದರೆ ನಾನು ಕ್ಷಮಿಸುತ್ತಿದ್ದೆನೋ ಏನೋ. ಅವರು ಮುಗಿಸಲಿಲ್ಲ. ಮುಂದಿನ ಬೇಸಿಗೆಯಲ್ಲಿ ಊರಿಂದ ಬಂದ ನೆಂಟರೊಬ್ಬರು ಹುಡುಗಿಯ ಕಿವಿಗೆ ಏನಾಯಿತು ಎಂದು ಕೇಳಿದರು. ಮಾವನವರು ಕೈ ಎತ್ತಿ ಬೆರಳು ಅಗಲಿಸಿ, ಜುಹೂ ಇಲ್ಲಿಂದ ಐದೇ ಮಿನಿಟು, ಮಗುವನ್ನು ಸಮುದ್ರಕ್ಕೆ ಕರೆದುಕೊಂಡು ಹೋಗಿದ್ದಾಗ ತೆರೆ ಬಡಿದು ಉಪ್ಪುನೀರು ಕಿವಿಗೆ ಹೊಕ್ಕಿತು ಎಂದರು. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನ ಮುಖ ನೋಡಿಯೂ ಹೇಳಿದರು. ಆಮೇಲೆ ಅದೇ ಕಥೆಯಾಯಿತು. ಪ್ರತಿ ಬಾರಿಯೂ ತೆರೆ ಇನ್ನಷ್ಟು ದೊಡ್ಡದಾಗುತ್ತಿತ್ತು. ಮಗಳೂ ಅದನ್ನೇ ನಂಬಿದಳು. ಸಮುದ್ರ ಎಂದರೆ ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನ ಸೀರೆಯ ಹಿಂದೆ ಸೇರುತ್ತಿದ್ದಳು. ಬಾವಿಯ ಹೆಸರಿಗೆ ಮಸಿ ಹತ್ತಬಾರದೆಂದು ಒಂದು ಇಡೀ ಸಮುದ್ರದ ಮೇಲೆ ಆರೋಪ ಹೊರಿಸಿದ ಮನುಷ್ಯನ ಜತೆ ನಾನು ಒಂದೇ ಮನೆಯಲ್ಲಿ ಅನ್ನ ಬೇಯಿಸಿಕೊಂಡಿದ್ದೆ.

ಒಂದು ದಿನ ತಡೆಯಲಾರದೆ ಹೇಳಿದೆ. "ಮಂದಿಗೆ ಏನರೆ ಹೇಳ್ಕೊಳ್ರಿ. ಕೂಸಿಗೆ ಮಾತ್ರ ಖರೇ ಹೇಳ್ರಿ. ಒಮ್ಮೆ. ನೀವ ಹೇಳಬೇಕು."

"ಹೇಳ್ತೀನಿ ತಂಗಿ," ಎಂದರು. "ಸ್ವಲ್ಪ ದೊಡ್ಡಕಿ ಆಗ್ಲಿ. ಹೇಳ್ತೀನಿ."

ವರ್ಷ ವರ್ಷ ಅದನ್ನೇ ಕೇಳಿದೆ, ಅದನ್ನೇ ಹೇಳಿದರು. ಆದರೆ ಒಂದನ್ನು ಬರೆಯದಿದ್ದರೆ ನಾನೂ ಸುಳ್ಳಿಯಾಗುತ್ತೇನೆ. ಆಸ್ಪತ್ರೆಯಿಂದ ಬಂದ ದಿನದಿಂದ ಅವರು ಮಗಳ ಬಲಗಡೆ ಬಿಟ್ಟು ಬೇರೆ ಕಡೆ ಕೂತದ್ದನ್ನು ನಾನು ಕಾಣೆ. ಊಟಕ್ಕೆ ಕೂತರೆ ಬಲಕ್ಕೆ. ಕಟ್ಟೆಯ ಮೇಲೆ ಕೂತು ಕಥೆ ಹೇಳಿದರೆ ಬಲಕ್ಕೆ. ಶಾಲೆಗೆ ಕರೆದುಕೊಂಡು ಹೋಗುವಾಗ ರಸ್ತೆಯಲ್ಲಿ ಯಾವ ಕಡೆ ಗಾಡಿ ಬರಲಿ, ತಾವು ಬಲಕ್ಕೇ ನಡೆಯುತ್ತಿದ್ದರು. ಬೇರೆ ಯಾರಾದರೂ ಮರೆತು ಅವಳ ಎಡಕ್ಕೆ ಕೂತರೆ, ಏಳಿ ಏಳಿ ಎಂದು ಎಬ್ಬಿಸುತ್ತಿದ್ದರು. ಹೆತ್ತ ನಾನೇ ಎಷ್ಟೋ ಸಲ ಎಡಗಡೆಯಿಂದ ಕೂಗಿ, ಕೇಳಲಿಲ್ಲವೇ ಎಂದು ಗದರಿದ್ದೇನೆ. ಅವರು ಒಂದು ದಿನವೂ ಮರೆಯಲಿಲ್ಲ.

ಮಗಳಿಗೆ ಎಂಟು ನಡೆಯುತ್ತಿದ್ದಾಗ ಅವರು ಹಾಸಿಗೆ ಹಿಡಿದರು. ಶ್ವಾಸಕೋಶದ ತೊಂದರೆ. ನಶ್ಯ ನಿಂತಿತು, ಕೊನೆಗೂ ಬೆರಳು ಬೆಳ್ಳಗಾದವು, ಉಗುರಿನ ಸಂದಿಯನ್ನು ನಾನೇ ಕಡ್ಡಿಯಿಂದ ತೆಗೆದು ತೊಳೆದೆ. ಹೊರಕೋಣೆಯಲ್ಲಿ ಮಂಚ. ಮಗಳು ಶಾಲೆಯಿಂದ ಬಂದವಳೇ ತಲೆದಿಂಬಿನ ಪಕ್ಕದ ಸ್ಟೂಲಿನ ಮೇಲೆ, ಕಿಟಕಿಗೆ ಮುಖ ಮಾಡಿ ಕೂರುತ್ತಿದ್ದಳು. ಹಾಗೆ ಕೂತರೆ ಬಲಗಿವಿ ಅಜ್ಜನ ಬಾಯಿಯ ಹತ್ತಿರ ಬರುತ್ತಿತ್ತು. ಸ್ಟೂಲನ್ನು ಹಾಗೆ ಹಾಕಿಸಿದ್ದೂ ಅವರೇ.

ಅವರು ಹೋಗುವ ಎರಡು ದಿನ ಮೊದಲು, ಮಧ್ಯಾಹ್ನ, ನಾನು ಗಂಜಿ ಹಿಡಿದು ಬಾಗಿಲಿಗೆ ಬಂದೆ. ಅವರು ಮಗಳಿಗೆ ಬೆರಳಿನಿಂದ ಸನ್ನೆ ಮಾಡುತ್ತಿದ್ದರು, ತಿರುಗು, ತಿರುಗು ಎಂದು. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಸ್ಟೂಲಿನ ಮೇಲೆ ಪೂರ್ತಿ ತಿರುಗಿ, ಕಿಟಕಿಗೆ ಬೆನ್ನು ಹಾಕಿ ಕೂತಳು. ಎಡಗಿವಿ ಅವರ ಬಾಯಿಗೆ ಬಂತು. ಅವರು ಅವಳ ಭುಜ ಹಿಡಿದು ಹತ್ತಿರ ಎಳೆದುಕೊಂಡು ಮಾತಾಡತೊಡಗಿದರು. ಉಸಿರು ನಿಲ್ಲಿಸಿ ನಿಲ್ಲಿಸಿ, ಮತ್ತೆ ಮತ್ತೆ ಶುರುಮಾಡಿ. ಕಣ್ಣಿಂದ ನೀರು ಇಳಿದು ದಿಂಬಿಗೆ ಹೋಗುತ್ತಿತ್ತು. ನಾನು ನಿಂತಲ್ಲಿಗೆ ಒಂದು ಶಬ್ದವೂ ಕೇಳಿಸಲಿಲ್ಲ. ಗೋಡೆ ಗಡಿಯಾರ ನನ್ನ ಎದುರಿಗಿತ್ತು. ಸರಿಯಾಗಿ ಐದು ನಿಮಿಷ. ಮಗಳು ಅಲುಗಾಡದೆ, ದೊಡ್ಡವರ ಮುಂದೆ ಕೂರಬೇಕಾದ ಹಾಗೆ ಕೂತಿದ್ದಳು.

ಆಮೇಲೆ ಅಡುಗೆಮನೆಗೆ ಬಂದಾಗ, ಅಜ್ಜ ಏನು ಹೇಳಿದರು ಎಂದು ಕೇಳಿದೆ.

"ಭಾಳ ಮಾತಾಡಿದ್ರು ಆಯಿ," ಎಂದಳು. "ನಂಗ ಏನೂ ಕೇಳಿಸ್ಲಿಲ್ಲ. ಕಿವಿಗೆ ಬಿಸಿ ಬಿಸಿ ಆತು, ಅಷ್ಟ."

ಹೇಸಿಗೆ ಎಂದರೆ ಏನೆಂದು ನನಗೆ ಆ ದಿನ ತಿಳಿಯಿತು. ಕರವಸ್ತ್ರದ್ದು, ಬಾವಿಯದು, ಬಾಟಲಿಯದು ಕೂಡ ಅದರ ಮುಂದೆ ಏನೂ ಅಲ್ಲ. ಐದು ವರ್ಷ ಒಂದು ದಿನವೂ ಮರೆಯದ ಮನುಷ್ಯ, ಅವಳ ಯಾವ ಕಿವಿ ಸತ್ತಿದೆ ಎಂಬುದನ್ನು ಅವಳಿಗಿಂತ ಚೆನ್ನಾಗಿ ಬಲ್ಲ ಮನುಷ್ಯ, ಹುಡುಕಿ ಆ ಕಿವಿಗೇ ಹೇಳಿ ಹಗುರಾದರು. ಹಗುರಾದದ್ದು ಹೌದು. ಎರಡು ದಿನ ಶಾಂತವಾಗಿ ಮಲಗಿದ್ದು, ಶಾಂತವಾಗಿಯೇ ಹೋದರು. ಕೊನೆಯ ಗುಟುಕು ನೀರು ಬಿಟ್ಟವಳು ನಾನು. ನಳದ್ದು, ಕುದಿಸಿ ಆರಿಸಿದ್ದು.

ಅವರ ಋಣ ನನ್ನ ಮೇಲಿದೆ, ಇಲ್ಲ ಎನ್ನಲಾರೆ. ಆ ಸಂಜೆ ಅವರು ನನ್ನ ಜತೆ ವಾದಕ್ಕೆ ನಿಂತಿದ್ದರೆ ನನಗೆ ಮಗಳು ಇರುತ್ತಿರಲಿಲ್ಲ. ಅವಳನ್ನು ಕೊಲ್ಲಲು ಹೊರಟವರೂ ಅವರೇ, ಬದುಕಿಸಿದವರೂ ಅವರೇ. ಇವೆರಡನ್ನೂ ಕೂಡಿ ಕಳೆದು ಒಂದು ಉತ್ತರ ತೆಗೆಯಲು ನನಗೆ ಇಷ್ಟು ವರ್ಷವಾದರೂ ಬಂದಿಲ್ಲ. ಇಂದಿಗೂ ಯಾರ ಮನೆಗೆ ಹೋದರೂ ನೀರಿನ ಲೋಟವನ್ನು ಮೊದಲು ಮೂಗಿನ ಹತ್ತಿರ ಹಿಡಿಯುತ್ತೇನೆ, ಮನೆಯವರು ಬೇಸರಪಟ್ಟುಕೊಳ್ಳುತ್ತಾರೆ.

ಅವರು ಹೇಳದ್ದನ್ನು ನಾನಾದರೂ ಮಗಳಿಗೆ ಹೇಳಬಹುದಿತ್ತು. ಸತ್ತವರ ಮಾತು ಬೇಡ ಎಂದು ಗಂಡ ತಡೆದರು. ಆಮೇಲೆ ಅವಳ ಓದು, ಆಮೇಲೆ ಮದುವೆ. ಹೇಳಹೊರಟರೆ ಒಲೆಯಿಂದ ಇಳಿಸಿದ ಆ ಪಾತ್ರೆಯನ್ನೂ ಹೇಳಬೇಕಾಗುತ್ತಿತ್ತು. ಈಗ ಅವಳಿಗೇ ಇಬ್ಬರು ಮಕ್ಕಳು. ಜುಹೂಗೆ ಕರೆದುಕೊಂಡು ಹೋಗುವ ಮೊದಲು ಇಬ್ಬರ ಕಿವಿಗೂ ಹತ್ತಿ ತುರುಕುತ್ತಾಳೆ. ಮೊನ್ನೆ ಅದನ್ನು ನೋಡಿದ ಮೇಲೆ ಇನ್ನು ತಡಮಾಡಬಾರದೆನಿಸಿತು. ಎದುರಿಗೆ ಕೂತು ಹೇಳಲು ನಾಲಿಗೆ ಏಳುವುದಿಲ್ಲ, ಬರೆದೇ ಕೊಡೋಣ ಎಂದು ಕಾಗದ ತೆಗೆದೆ. ಹದಿನೈದು ದಿನ ಕೂತು, ಏನನ್ನೂ ಬಚ್ಚಿಡದೆ, ಇಷ್ಟನ್ನೂ ಬರೆದು ಮುಗಿಸಿದ್ದೇನೆ.

ಮಗಳು ಮನೆಯಲ್ಲಿ ನನ್ನ ಜತೆ ಕನ್ನಡ ಮಾತಾಡುತ್ತಾಳೆ. ಮರಾಠಿ ಶಾಲೆಯಲ್ಲಿ ಕಲಿತವಳು, ಓದಲು ಬರುವುದಿಲ್ಲ. ಬರೆಯಲು ಕೂತ ದಿನವೇ ನನಗೆ ಅದು ಗೊತ್ತಿತ್ತು.